ಐದನೇ ರಬ್ಬರ್, ಮೂರನೇ ಗೇಮ್

ಪ್ರಶ್ನೆ: ಟೆನಿಸ್‌ನ ಡೇವಿಸ್ ಕಪ್ ಸುದ್ದಿಯಲ್ಲಿ ‘ಐದನೇ ರಬ್ಬರ್’, ‘ಡೆಡ್ ರಬ್ಬರ್’ ಎಂದು ಓದುತ್ತೇನೆ. ಇಸ್ಪೀಟಿನ ಬ್ರಿಜ್ ಆಡುವವರೂ ‘ಒಂದು ರಬ್ಬರ್ ಆಡೋಣ’ ಅನ್ನುತ್ತಾರೆ. ಎರಡೂ ಒಂದೇನಾ? ಚೆಂಡಿನ ರಬ್ಬರಿಗೂ ಇದಕ್ಕೂ ನಂಟಿದೆಯಾ?

ಉತ್ತರ: ಚೆಂಡಿಗೂ ಇದಕ್ಕೂ ನಂಟಿಲ್ಲ. ಎರಡು ಆಟಗಳಲ್ಲಿ ಅರ್ಥವೂ ಬೇರೆ.

ಡೇವಿಸ್ ಕಪ್‌ನಲ್ಲಿ ಎರಡು ದೇಶಗಳ ಇಡೀ ಹಣಾಹಣಿ ‘ಟೈ’. ಅದರೊಳಗಿನ ಒಂದೊಂದು ಪಂದ್ಯವೂ ರಬ್ಬರ್. ಹಳೆಯ ಪದ್ಧತಿಯಲ್ಲಿ ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್. ಮೂರು ಗೆದ್ದವರಿಗೆ ಟೈ. 3-0 ಆಗಿಬಿಟ್ಟರೆ ಉಳಿದವು ಡೆಡ್ ರಬ್ಬರ್, ಅಂದರೆ ಯಾರು ಗೆದ್ದರೂ ಟೈ ಫಲಿತಾಂಶ ಬದಲಾಗದು. 2016ರ ಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಕ್ರೊಯೇಷ್ಯಾ 2-1 ಮುಂದಿತ್ತು. ಅರ್ಜೆಂಟೀನಾದ ಡೆಲ್ ಪೊಟ್ರೊ ಮೊದಲೆರಡು ಸೆಟ್ ಸೋತರೂ ಕ್ರೊಯೇಷ್ಯಾದ ಸಿಲಿಚ್ ಅವರನ್ನು ಮಣಿಸಿ 2-2 ಮಾಡಿದರು. ಐದನೇ ರಬ್ಬರ್ ಗೆದ್ದು ಡೆಲ್ಬೊನಿಸ್ ಅರ್ಜೆಂಟೀನಾಕ್ಕೆ ಮೊದಲ ಕಪ್ ತಂದರು.

ಬ್ರಿಜ್‌ನಲ್ಲಿ ರಬ್ಬರ್ ಅಂದರೆ ಮೂರು ಗೇಮ್‌ಗಳಲ್ಲಿ ಎರಡನ್ನು ಮೊದಲು ಗೆಲ್ಲುವುದು. ನಮ್ಮ ಮೇಜಿನಲ್ಲಿ ಅಂಕ ಬರೆಯುವ ಕೆಲಸ ನನ್ನದೇ, ಹಾಗಾಗಿ ಹಾಳೆಯಿಂದಲೇ ಹೇಳುತ್ತೇನೆ. ‘ನಾವು’, ‘ಅವರು’ ಎಂದು ಎರಡು ಕಾಲಂ, ನಡುವೆ ಅಡ್ಡ ಗೆರೆ. ಒಂದು ಸುತ್ತಿನ ನಾಲ್ಕು ಎಲೆ ಗೆದ್ದರೆ ಒಂದು ಟ್ರಿಕ್; ಇಷ್ಟು ಟ್ರಿಕ್ ಮಾಡುತ್ತೇವೆ ಎಂದು ಮೊದಲೇ ಹೇಳುವುದು ಕೂಗು. ಕೂಗಿ ಮಾಡಿದ ಟ್ರಿಕ್‌ಗಳ ಅಂಕ ಗೆರೆಯ ಕೆಳಗೆ, ಬೋನಸ್ ಮೇಲೆ. ಕೆಳಗೆ 100 ಆದರೆ ಒಂದು ಗೇಮ್. ಎರಡು ಹಾರ್ಟ್ ಮಾಡಿದರೆ 60, ಮುಂದಿನ ಕೈಯಲ್ಲಿ ಎರಡು ಡೈಮಂಡ್ ಮಾಡಿದರೆ 40. ಅಲ್ಲಿಗೆ ಗೇಮ್ ಆಯಿತು. ಆದರೆ ನಡುವೆ ಎದುರಾಳಿಗಳು ನಾಲ್ಕು ಸ್ಪೇಡ್ ಹೊಡೆದು 120 ಮಾಡಿದರೆ ಹೊಸ ಗೆರೆ ಎಳೆಯಬೇಕು. ನಮ್ಮ 60 ಕೊನೆಯ ಮೊತ್ತಕ್ಕೆ ಸೇರುತ್ತದೆ, ಮುಂದಿನ ಗೇಮಿಗೆ ಬರುವುದಿಲ್ಲ. ಎಷ್ಟು ಹೊಟ್ಟೆ ಉರಿಯುತ್ತದೆ ಅಂತೀರಿ!

ಒಂದು ಗೇಮ್ ಗೆದ್ದವರು ‘ವಲ್ನರಬಲ್’ ಆಗುತ್ತಾರೆ. ಎದುರಾಳಿಗಳು ‘ಡಬಲ್’ ಎಂದು ಪಣ ಏರಿಸದಿದ್ದರೆ, ಕೂಗಿ ತಪ್ಪಿದ ಟ್ರಿಕ್‌ಗೆ 50ರ ಬದಲು 100 ದಂಡ. 1-1 ಆದಾಗ ಇಬ್ಬರಿಗೂ ಈ ಭಯ. ನನಗೆ ಇಡೀ ಆಟದಲ್ಲಿ ಜಾಸ್ತಿ ಇಷ್ಟ ಈ ಘಟ್ಟವೇ. ಧೈರ್ಯ ಮಾಡಿ ಕೂಗಬೇಕೋ, ಸುಮ್ನೆ ಪಾಸ್ ಹೇಳಬೇಕೋ ಎಂದು ಪ್ರತಿ ಕೈಯಲ್ಲೂ ಯೋಚಿಸಬೇಕು.

2-0 ಆಗಿ ರಬ್ಬರ್ ಮುಗಿದರೆ ಬೋನಸ್ 700, 2-1 ಆದರೆ 500. ಹಾಗಂತ ಎರಡು ಗೇಮ್ ಗೆದ್ದವರೇ ಮೇಲು ಎಂದುಕೊಳ್ಳಬೇಡಿ. ಕೊನೆಗೆ ಗೆರೆಯ ಮೇಲಿನದು, ಕೆಳಗಿನದು ಎಲ್ಲವನ್ನೂ ಕೂಡಬೇಕು. ದಂಡ ಜಾಸ್ತಿ ಕೊಟ್ಟಿದ್ದರೆ ರಬ್ಬರ್ ಗೆದ್ದವರ ಮೊತ್ತವೇ ಕಡಿಮೆ ಇರಬಹುದು. ಪಂದ್ಯಾವಳಿಗಳ ಡುಪ್ಲಿಕೇಟ್ ಬ್ರಿಜ್‌ನಲ್ಲಿ ಮಾತ್ರ ರಬ್ಬರ್ ಇಲ್ಲ. ಅಲ್ಲಿ ಪ್ರತಿ ಕೈಗೂ ಅಂಕ ಬೇರೆ.