ಸಾರಿಗೆ ಒಡೆದು ಬಿಟ್ಟ ಮೊಟ್ಟೆ ಇಡಿಯಾಗಿ ನಿಲ್ಲಬೇಕೆಂದರೆ

ಪ್ರಶ್ನೆ: ನಮ್ಮಲ್ಲಿ ಮೊಟ್ಟೆ ಬೇಯಿಸಿ ಸಾರಿಗೆ ಹಾಕುವ ರೂಢಿಯಿಲ್ಲ, ಕುದಿಯುವ ಸಾರಿಗೇ ಒಡೆದು ಬಿಡುತ್ತೇವೆ. ಅತ್ತೆ ಮಾಡಿದರೆ ಮೊಟ್ಟೆ ಇಡಿಯಾಗಿ ನಿಲ್ಲುತ್ತದೆ. ನಾನು ಮಾಡಿದರೆ ಬಿಳಿಯೆಲ್ಲ ಎಳೆಎಳೆಯಾಗಿ ಹರಡಿ, ಸಾರಿನ ಮೇಲೆ ನೊರೆ ಕಟ್ಟುತ್ತದೆ. ಯಾಕೆ?
– ಓದುಗರು, ಚನ್ನರಾಯಪಟ್ಟಣ

ಉತ್ತರ: ಸಾರು ಕೊತಕೊತ ಕುದಿಯುವಾಗ ಮೊಟ್ಟೆ ಬಿಡುತ್ತಿದ್ದೀರಿ, ಅದೇ ಕಾರಣ. ಬಿಳಿ ಭಾಗ 62 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಗಟ್ಟಿಯಾಗತೊಡಗುತ್ತದೆ, ಹಳದಿಗೆ 65ರಿಂದ 70 ಸಾಕು. ಅಷ್ಟಕ್ಕೆ ಜೋರು ಕುದಿ ಬೇಕಿಲ್ಲ. ಬಿಳಿ ಹೆಪ್ಪುಗಟ್ಟುವ ಮೊದಲೇ ಕುದಿಯ ಹೊಡೆತ ಅದನ್ನು ಚೂರು ಮಾಡಿಬಿಡುತ್ತದೆ.

ನಾಲ್ಕು ಮೊಟ್ಟೆಗೆ ಅಳತೆ ಹೀಗಿರಲಿ. ಎಣ್ಣೆಯಲ್ಲಿ ಬಾಡಿಸಿದ 1 ಈರುಳ್ಳಿ, 8 ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, 2 ಟೊಮೆಟೊ, ಅರ್ಧ ಬಟ್ಟಲು ಕಾಯಿತುರಿ, 2 ಚಮಚ ಧನಿಯಾ ಪುಡಿ, ಒಂದೂವರೆ ಚಮಚ ಖಾರದ ಪುಡಿ, ಬೆರಳಗಲ ಚಕ್ಕೆ, 3 ಲವಂಗ, 1 ಚಮಚ ಹುರಿಗಡಲೆ. ಎಲ್ಲವನ್ನೂ ನುಣ್ಣಗೆ ರುಬ್ಬಿ. ಹುರಿಗಡಲೆ ಬಿಡಬೇಡಿ. ಸಾರು ತುಸು ಮಂದವಾಗಿದ್ದರೆ ಮೊಟ್ಟೆ ತಳಕ್ಕಿಳಿದು ಅಂಟಿಕೊಳ್ಳುವುದು ಕಡಿಮೆ. ಇನ್ನೊಂದು ಈರುಳ್ಳಿಯನ್ನು ಒಗ್ಗರಣೆಗೆ ಹಾಕಿ ಕೆಂಪಗಾದ ಮೇಲೆ ಮಸಾಲೆ, ಅರಿಶಿನ, ಉಪ್ಪು, ಮುಕ್ಕಾಲು ಲೀಟರ್ ನೀರು ಸೇರಿಸಿ 12 ನಿಮಿಷ ಚೆನ್ನಾಗಿ ಕುದಿಸಿ. ಮಸಾಲೆಯ ಹಸಿ ವಾಸನೆ ಈಗಲೇ ಹೋಗಬೇಕು, ಮೊಟ್ಟೆ ಬಿಟ್ಟ ಮೇಲೆ ಜೋರಾಗಿ ಕುದಿಸುವ ಹಾಗಿಲ್ಲ. ಪಾತ್ರೆ ಅಗಲವಾಗಿರಲಿ, ಸಾರು ಎರಡಿಂಚು ಆಳ ನಿಂತಿರಲಿ.

ಆಮೇಲೆ ಉರಿ ಸಣ್ಣ ಮಾಡಿ, ಅಂಚಿನಲ್ಲಿ ಮಾತ್ರ ಗುಳ್ಳೆ ಏಳುವವರೆಗೆ ಕಾಯಿರಿ. ಒಂದೊಂದೇ ಮೊಟ್ಟೆಯನ್ನು ಮೊದಲು ಲೋಟಕ್ಕೆ ಒಡೆದು, ಲೋಟದ ಬಾಯಿಯನ್ನು ಸಾರಿಗೆ ತಾಗುವಷ್ಟು ಹತ್ತಿರ ತಂದು ಜಾರಿಸಿ. ಎತ್ತರದಿಂದ ಬಿದ್ದ ಮೊಟ್ಟೆ ಬಿದ್ದಲ್ಲೇ ಹರಡುತ್ತದೆ. ಒಂದರ ಮೇಲೊಂದು ಬೀಳದಂತೆ ಜಾಗ ಬದಲಿಸಿ, ಮುಚ್ಚಳ ಮುಚ್ಚಿ. 4 ನಿಮಿಷ ಸೌಟು ಹಾಕಲೇಬೇಡಿ. ಆಮೇಲೆ ಸೌಟಿನ ಬೆನ್ನಿನಿಂದ ತಳ ಮೆಲ್ಲಗೆ ಬಿಡಿಸಿ, ಇನ್ನೂ 3–4 ನಿಮಿಷ ಬೇಯಿಸಿ. ಮಕ್ಕಳಿಗೆ, ಬಸುರಿಯರಿಗೆ ಬಡಿಸುವುದಾದರೆ ಹಳದಿ ಪೂರ್ತಿ ಗಟ್ಟಿಯಾಗಿರಬೇಕು.

ಇಷ್ಟಾದರೂ ಎಳೆ ಬಂದರೆ ಮೊಟ್ಟೆ ಹಳೆಯದು. ದಿನ ಕಳೆದಂತೆ ಬಿಳಿ ಭಾಗ ನೀರಾಗುತ್ತದೆ. ಒಡೆದ ಮೊಟ್ಟೆಯನ್ನು ಟೀ ಸೋಸುವ ಜರಡಿಗೆ ಹಾಕಿದರೆ ನೀರಾದ ಬಿಳಿ ಕೆಳಗಿಳಿದು ಗಟ್ಟಿ ಬಿಳಿ ಮಾತ್ರ ಹಳದಿಯ ಸುತ್ತ ಉಳಿಯುತ್ತದೆ. ಅದನ್ನು ಸಾರಿಗೆ ಬಿಡಿ. ಮುದ್ದೆಗೆ ಈ ಸಾರಿನಷ್ಟು ಹೊಂದುವುದು ಕಡಿಮೆ, ಒಮ್ಮೆ ಕೈ ಕೂಡಿದರೆ ಮತ್ತೆ ಕೆಡುವುದಿಲ್ಲ.

ಪ್ರಶ್ನೆ: ಮನೆಯ ನಾಟಿ ಕೋಳಿಯ ಮೊಟ್ಟೆ ಬೇಯಿಸಿದರೆ ಸಿಪ್ಪೆಯ ಜೊತೆ ಅರ್ಧ ಬಿಳಿಯೂ ಕಿತ್ತು ಬರುತ್ತದೆ. ಅಂಗಡಿಯ ಮೊಟ್ಟೆ ಹಾಗಾಗುವುದಿಲ್ಲ. ತಳಿಯ ದೋಷವೇ?
– ಓದುಗರು, ಮೂಡಿಗೆರೆ

ಉತ್ತರ: ತಳಿಯದ್ದಲ್ಲ, ತಾಜಾತನದ್ದು. ಆಗಷ್ಟೇ ಇಟ್ಟ ಮೊಟ್ಟೆಯ ಬಿಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಅದು ಸಿಪ್ಪೆಯ ಸಣ್ಣ ರಂಧ್ರಗಳಿಂದ ಹೊರಹೋಗುವವರೆಗೆ ಬಿಳಿ ಭಾಗ ಒಳಪೊರೆಗೆ ಕಚ್ಚಿಕೊಂಡಿರುತ್ತದೆ. ಬೇಯಿಸಿ ತಿನ್ನಲು ಒಂದು ವಾರ ಹಳೆಯ ಮೊಟ್ಟೆ ತೆಗೆದುಕೊಳ್ಳಿ, ಹೊಸದನ್ನು ಆಮ್ಲೆಟ್‌ಗೋ ಮೇಲಿನ ಸಾರಿಗೋ ಬಳಸಿ. ಹೊಸದನ್ನೇ ಬೇಯಿಸಬೇಕಾದರೆ ತಣ್ಣೀರಿನಲ್ಲಿಟ್ಟು ಒಲೆ ಹಚ್ಚಬೇಡಿ. ಕುದಿಯುವ ನೀರಿಗೆ ಸೌಟಿನಲ್ಲಿ ಇಳಿಸಿ. ಹೊರಗಿನ ಬಿಳಿ ಥಟ್ಟನೆ ಗಟ್ಟಿಯಾಗಿ ಪೊರೆಗೆ ಅಂಟುವುದು ಕಡಿಮೆಯಾಗುತ್ತದೆ. ಫ್ರಿಜ್‌ನಿಂದ ತೆಗೆದ ಮೊಟ್ಟೆಯನ್ನು ಕಾಲು ಗಂಟೆ ಹೊರಗಿಡಿ, ಇಲ್ಲವಾದರೆ ಸಿಪ್ಪೆ ಬಿರಿಯುತ್ತದೆ.

ನಮ್ಮ ಕಡೆ ಒಂದು ವಿಷಯ ಗಮನಿಸಬೇಕು. ಸಮುದ್ರಮಟ್ಟದಿಂದ ಸುಮಾರು 1000 ಮೀಟರ್ ಎತ್ತರದಲ್ಲಿ ನೀರು 100ಕ್ಕಲ್ಲ, 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಕರಾವಳಿಯವರು 10 ನಿಮಿಷ ಎಂದರೆ ಚಿಕ್ಕಮಗಳೂರಿನಲ್ಲಿ 11 ಎಂದುಕೊಳ್ಳಿ. ನಾಟಿ ಮೊಟ್ಟೆ ಚಿಕ್ಕದಾದ್ದರಿಂದ ಆ ಹೆಚ್ಚಿನ ನಿಮಿಷ ಅದಕ್ಕೆ ಬೇಡ. ಬೆಂದ ಕೂಡಲೇ ತಣ್ಣೀರಿಗೆ ಹಾಕಿ. ಹೆಚ್ಚು ಹೊತ್ತು ಬೇಯಿಸಿದರೆ ಬಿಳಿಯ ಗಂಧಕ, ಹಳದಿಯ ಕಬ್ಬಿಣ ಸೇರಿ ಹಳದಿಯ ಸುತ್ತ ಹಸಿರು ಮಿಶ್ರಿತ ಬೂದು ಉಂಗುರ ಮೂಡುತ್ತದೆ. ತಿಂದರೆ ತೊಂದರೆಯಿಲ್ಲ, ವಾಸನೆ ಮಾತ್ರ ಹಿಡಿಸುವುದಿಲ್ಲ.

ಪ್ರಶ್ನೆ: ಅಕ್ಕಿ ರೊಟ್ಟಿಗೆ ಮಾಡುವ ಬುರ್ಜಿ ನೀರು ಬಿಡುತ್ತದೆ, ಮೆಣಸಿನ ಘಮವೂ ಬರುವುದಿಲ್ಲ.
– ಓದುಗರು, ಸಕಲೇಶಪುರ

ಉತ್ತರ: ಟೊಮೆಟೊದ ನೀರು ಆರಿ ಎಣ್ಣೆ ಬಿಡುವವರೆಗೆ ಬಾಡಿಸಿದ ಮೇಲೆಯೇ ಮೊಟ್ಟೆ ಹಾಕಿ. ಅತಿಯಾಗಿ ಬೆಂದ ಮೊಟ್ಟೆಯೂ ಬಿಗಿದುಕೊಂಡು ನೀರನ್ನು ಹಿಂಡಿಬಿಡುತ್ತದೆ. ಸಣ್ಣ ಉರಿಯಲ್ಲಿ ಕೆದಕುತ್ತಾ, ಹಸಿ ಬಿಳಿ ಎಲ್ಲೂ ಕಾಣದೆ ತುಸು ತೇವದ ಹೊಳಪು ಉಳಿದಿರುವಾಗಲೇ ಒಲೆ ಆರಿಸಿ, ಬಾಣಲೆಯ ಕಾವಿಗೆ ಉಳಿದದ್ದು ಬೇಯುತ್ತದೆ. ತೋಟದ ಕರಿಮೆಣಸನ್ನು ಮೊದಲೇ ಪುಡಿ ಮಾಡಿಟ್ಟರೂ, ಎಣ್ಣೆಯಲ್ಲಿ ಹುರಿದರೂ ಘಮ ಹಾರಿಹೋಗುತ್ತದೆ. ನಾಲ್ಕು ಮೊಟ್ಟೆಗೆ ಅರ್ಧ ಚಮಚದಂತೆ ಆಗಲೇ ತರಿತರಿಯಾಗಿ ಕುಟ್ಟಿ, ಒಲೆ ಆರಿಸಿದ ಮೇಲೆ ಉದುರಿಸಿ.