ನುಗ್ಗಿ ಹೊಡೆಯುವ ಬಾಕ್ಸರ್ ನಾನು. ಡಿಫೆನ್ಸ್ ಸರಿಹೋಗಬೇಕಾದರೆ ಅಟ್ಯಾಕ್ ಕಡಿಮೆ ಮಾಡಬೇಕಾ?

ಬೇಡ. ಕಡಿಮೆ ಮಾಡಲೇಬೇಡ.

ವಯಸ್ಸು 18, ಗೆದ್ದ ಬೌಟ್‌ಗಳಲ್ಲಿ ಹೆಚ್ಚಿನವು ಎದುರಾಳಿ ತಾಳಲಾರದೆ ರೆಫ್ರಿ ನಿಲ್ಲಿಸಿದ್ದು, ಆದರೂ ಕೋಚ್ "ಕೈ ಮೇಲಿಡು, ನಿಧಾನಕ್ಕೆ ಆಡು" ಅಂತ ದಿನಾ ತಲೆ ತಿನ್ನುತ್ತಾರೆ, ಕ್ಲಬ್ ಬದಲಾಯಿಸಲಾ ಅಂತ ಬೇರೆ ಕೇಳಿದ್ದೀಯ. ಓದುತ್ತಾ ನನಗೆ ನಗು ಬಂತು, ಆಮೇಲೆ ಹೊಟ್ಟೆ ಕಿವುಚಿತು. ನೀನು ಅಂತಲೇ ಬರೆಯುತ್ತೇನೆ, ನನ್ನ ತಮ್ಮನಿಗಿಂತ ಚಿಕ್ಕವನು, ಬೇಜಾರು ಮಾಡ್ಕೋಬೇಡ.

ನಾನು ಆಡುತ್ತಿದ್ದದ್ದು 60 ಕೆಜಿ ತೂಕದ ವಿಭಾಗದಲ್ಲಿ. ಬೆಂಗಳೂರಿನ ಹಲಸೂರು ಕಡೆ ತಗಡಿನ ಶೀಟ್ ಹೊದಿಸಿದ ಒಂದು ಜಿಮ್. ಹಗ್ಗ ಸಡಿಲಾದ ರಿಂಗ್, ಮಳೆ ಬಂದರೆ ಒಂದು ಮೂಲೆಯಲ್ಲಿ ಬಕೆಟ್. ನನ್ನ ಎಡಗೈ ಹುಕ್ಕಿಗೆ, ಅಂದ್ರೆ ಪಕ್ಕದಿಂದ ಬೀಸುವ ಹೊಡೆತಕ್ಕೆ, ಹುಡುಗರು ಹೆದರುತ್ತಿದ್ದರು, ಮತ್ತು ಅವರು ಹೆದರುತ್ತಾರೆ ಅನ್ನೋದು ನನಗೆ ಚೆನ್ನಾಗಿ ಗೊತ್ತಿತ್ತು. ಬೆಲ್ ಹೊಡೆದ ತಕ್ಷಣ ನುಗ್ಗುವುದು, ಜ್ಯಾಬ್ (ಮುಂದಿನ ಕೈ ನೇರಕ್ಕೆ ಚಾಚಿ ಹೊಡೆಯೋದು) ಹಾಕಿ ಹುಕ್, ಮತ್ತೆ ಜ್ಯಾಬ್ ಹಾಕಿ ಹುಕ್. ಎದುರಿನವನು ಹಗ್ಗಕ್ಕೆ ಒರಗಿದ ಅಂದ್ರೆ ಮುಗೀತು. ನಮ್ಮ ಕೋಚ್ ಕೂಡ "ಕೈ, ಕೈ" ಅಂತ ಕೂಗುತ್ತಿದ್ದರು. ನಾನು ಬೌಟ್ ಗೆದ್ದು ಇಳಿದು ಬಂದು ಅವರ ಮುಖ ನೋಡಿ ನಗುತ್ತಿದ್ದೆ. ಗೆದ್ದವನಿಗೆ ಏನು ಹೇಳ್ತಾರೆ ಪಾಪ.

ತಪ್ಪು ಎಲ್ಲಿತ್ತು ಅಂದ್ರೆ, ಸ್ವಲ್ಪ ಉದ್ದ ಆಗುತ್ತೆ, ಓದು. ಜ್ಯಾಬ್ ಹೊಡೆದ ಎಡಗೈ ಹೋದ ದಾರಿಯಲ್ಲೇ ಹಿಂದೆ ಬಂದು ಕೆನ್ನೆಗೆ ಸೇರಬೇಕು. ನನ್ನದು ಬಾವಿಗೆ ಬಿಟ್ಟ ಕೊಡದ ಹಾಗೆ ಸೊಂಟದ ತನಕ ಇಳಿದು ಆಮೇಲೆ ಮೇಲೆ ಬರುತ್ತಿತ್ತು. ಎಲ್ಲರೂ ಇದನ್ನು ಸೋಮಾರಿತನ ಅಂದುಕೊಳ್ಳುತ್ತಾರೆ. ಅಲ್ಲ, ಅದು ಆಸೆ. ನನಗೆ ಜ್ಯಾಬ್ ಅಂದರೆ ಹೊಡೆತವೇ ಆಗಿರಲಿಲ್ಲ, ಹುಕ್ ಹೊಡೆಯೋಕೆ ಒಂದು ನೆಪ ಅಷ್ಟೆ. ಜ್ಯಾಬ್ ಇನ್ನೂ ತಲುಪೋ ಮೊದಲೇ ಮನಸ್ಸು ಹುಕ್ಕಿಗೆ ಹೋಗಿರುತ್ತಿತ್ತು, ಕೈ ಅದರ ಹಿಂದೆ ಹೋಗುತ್ತಿತ್ತು. ಕೆಳಗಿನಿಂದ ಬೀಸಿದರೆ ಜೋರು ಜಾಸ್ತಿ ಅಂತ ಅನ್ನಿಸುತ್ತೆ. ಇಲ್ಲ, ಜೋರು ಬರೋದು ಪಾದ ತಿರುಗಿ ಸೊಂಟ ತಿರುಗಿದಾಗ. ಆದರೆ ಅನ್ನಿಸುತ್ತೆ, ಅದೇ ತೊಂದರೆ.

ಇನ್ನೊಂದು ವಿಷಯ. ಜ್ಯಾಬ್ ಹೊಡೆಯುವಾಗ ಗದ್ದವನ್ನು ಕಾಯೋದು ಗ್ಲೌಸ್ ಅಲ್ಲ, ಭುಜ. ಕೈ ಚಾಚಿದಾಗ ಎಡಭುಜ ಎದ್ದು ಗದ್ದಕ್ಕೆ ತಾಗಿ ನಿಲ್ಲಬೇಕು. ಕೈ ಇಳಿದರೆ ಭುಜ ಇಳಿಯುತ್ತೆ, ಭುಜ ಇಳಿದರೆ ಗದ್ದ ಬಯಲಿಗೆ ಬೀಳುತ್ತೆ. ಅದರ ಮೇಲೆ ನಾನು ಮುಂದಿನ ಮಂಡಿಯ ಮೇಲೆ ಭಾರ ಹಾಕಿ ಬಗ್ಗಿರುತ್ತಿದ್ದೆ, ತಲೆ ಎದುರಾಳಿಯ ಬಲಗೈಗೆ ಸರೀ ನೇರಕ್ಕೆ. ಅವನು ಏನೂ ಹುಡುಕಬೇಕಾಗಿಲ್ಲ, ಕೈ ಚಾಚಿದರೆ ಸಾಕು.

ಹಾಗಾದರೆ ಅಷ್ಟು ದಿನ ಯಾಕೆ ಯಾರೂ ಚಾಚಲಿಲ್ಲ? ಹಿಂದೆ ಸರಿಯುತ್ತಿದ್ದರು, ಅದಕ್ಕೆ. ಹಿಂದೆ ಹೆಜ್ಜೆ ಇಡುತ್ತಿರುವವನಿಗೆ ಬಲಗೈ ಹೊಡೆಯೋಕೆ ಕಾಲು ಊರಿರಲ್ಲ. ನನ್ನ ತಪ್ಪನ್ನು ಅವರ ಭಯ ಮುಚ್ಚಿಹಾಕುತ್ತಿತ್ತು. ಇದು ನಿನಗೂ ನಡೆಯುತ್ತಿದೆ ಅಂತ ನಾನು ಬರೆದುಕೊಡ್ತೀನಿ.

ಸ್ಟೇಟ್ ಸೆಲೆಕ್ಷನ್ ಫೈನಲ್. ಎದುರಿಗೆ ಒಬ್ಬ ಉದ್ದ ಕೈಯ ಹುಡುಗ, ಮುಖದಲ್ಲಿ ಯಾವ ಭಾವನೆಯೂ ಇಲ್ಲ. ಮೊದಲನೇ ರೌಂಡ್ ಪೂರ್ತಿ ಅವನು ಬರೀ ನೋಡಿದ. ನನ್ನ ಜ್ಯಾಬ್ ಎರಡು ಮೂರು ಅವನ ಹಣೆಗೆ ಬಿದ್ದವು, ಸುಮ್ನೆ ತಗೊಂಡ. ನಾನು ಕಾರ್ನರ್‌ಗೆ ಬಂದು "ಇವನದ್ದೇನಿಲ್ಲ" ಅಂದೆ. ಎರಡನೇ ರೌಂಡಿನಲ್ಲಿ ನಾನು ಜ್ಯಾಬ್ ಹಾಕಿದಾಗ ಅವನು ಹಿಂದೆ ಹೋಗಲಿಲ್ಲ. ಎಡಕ್ಕೆ ಅರ್ಧ ಹೆಜ್ಜೆ, ಮುಂದಕ್ಕೆ. ನನ್ನ ಕೈ ಇಳಿದ ಜಾಗದ ಮೇಲಿಂದ ಅವನ ಬಲಗೈ ಬಂತು. ಹೊಡೆತ ಕಂಡೇ ಇಲ್ಲ ನನಗೆ. ರೆಫ್ರಿ ಎಂಟರ ತನಕ ಎಣಿಸಿದರು. ಗ್ಲೌಸ್ ಮೇಲೆತ್ತಿ ತೋರಿಸಿದೆ, ಬಿಟ್ಟರು. ನಾನು ಮಾಡಿದ್ದೇನು ಗೊತ್ತಾ? ಸಿಟ್ಟಿನಲ್ಲಿ ಇನ್ನೂ ಜೋರಾಗಿ ನುಗ್ಗಿದೆ, ಕೈ ಇನ್ನೂ ಕೆಳಗೆ ಇಳಿಸಿಕೊಂಡು. ಅದೇ ಬಲಗೈ ಮತ್ತೆ. ಬೌಟ್ ನಿಲ್ಲಿಸಿದರು. ಹೆಡ್‌ಗಾರ್ಡ್ ಇತ್ತು ನನಗೆ, ಗದ್ದಕ್ಕೆ ಬಿದ್ದ ಏಟಿಗೆ ಅದರಿಂದ ಏನೂ ಉಪಯೋಗ ಆಗಲಿಲ್ಲ. ನಿನಗೆ 19 ಆದಮೇಲೆ ಅದೂ ಇರಲ್ಲ, 2013ರಿಂದ ಎಲೀಟ್ ಪುರುಷರ ಅಮೆಚೂರ್ ಬಾಕ್ಸಿಂಗ್‌ನಲ್ಲಿ ಹೆಡ್‌ಗಾರ್ಡ್ ತೆಗೆದರು.

ನ್ಯಾಷನಲ್ಸ್ ಹೋಯಿತು. ಅದರ ಮೇಲೆ ನಂಬಿಕೆ ಇಟ್ಟಿದ್ದ ಸ್ಪೋರ್ಟ್ಸ್ ಕೋಟಾ ಕೆಲಸವೂ ಹೋಯಿತು. ಅಪ್ಪ ಒಂದು ಮಾತೂ ಆಡಲಿಲ್ಲ, ಅದು ಬೇರೆ ಕಥೆ.

ಈಗ ಕೇಳು, ನಿನ್ನ ಪ್ರಶ್ನೆಯೇ ಯಾಕೆ ತಪ್ಪು ಅಂತ. ಸೋತ ಮೇಲೆ ನಾನು ನೀನು ಮಾಡಬೇಕು ಅಂದುಕೊಂಡಿರೋದನ್ನೇ ಮಾಡಿದೆ. ಅಟ್ಯಾಕ್ ಕಡಿಮೆ ಮಾಡಿದೆ. ಎರಡೂ ಗ್ಲೌಸ್ ಮುಖಕ್ಕೆ ಅಂಟಿಸಿಕೊಂಡು, ಅವನು ಹೊಡೆಯಲಿ ಆಮೇಲೆ ನೋಡೋಣ ಅಂತ ನಿಲ್ಲುತ್ತಿದ್ದೆ. ನನಗಿಂತ ಅರ್ಧ ಕಲಿತವರು ಪಾಯಿಂಟ್ ಮೇಲೆ ಸೋಲಿಸಿದರು. ತಮಾಷೆ ಅಂದ್ರೆ, ಅಪರೂಪಕ್ಕೆ ನಾನು ಜ್ಯಾಬ್ ಹಾಕಿದಾಗ ಎಡಗೈ ಆಗಲೂ ಸೊಂಟಕ್ಕೇ ಇಳಿಯುತ್ತಿತ್ತು! ಹೊಡೆತ ಕಡಿಮೆಯಾಯಿತು, ತೂತು ಅಲ್ಲೇ ಇತ್ತು.

ಅಮೆರಿಕದ ಹೆವಿವೇಟ್ ಬಾಕ್ಸರ್ ಜೋ ಲೂಯಿಸ್ ವಿಷಯ ನನಗೆ ಆಗ ಗೊತ್ತಿರಲಿಲ್ಲ, ಗೊತ್ತಿದ್ದಿದ್ದರೆ ಚೆನ್ನಾಗಿರುತ್ತಿತ್ತು. 1936ರಲ್ಲಿ ಲೂಯಿಸ್‌ಗೆ 22 ವರ್ಷ, ವೃತ್ತಿ ಬಾಕ್ಸಿಂಗ್‌ನಲ್ಲಿ ಸೋತೇ ಇರಲಿಲ್ಲ. ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಅವನ ಫೈಟ್‌ಗಳ ಫಿಲ್ಮ್ ಕೂತು ನೋಡಿ ಒಂದೇ ಒಂದು ವಿಷಯ ಹಿಡಿದ: ಜ್ಯಾಬ್ ಆದಮೇಲೆ ಲೂಯಿಸ್‌ನ ಎಡಗೈ ಕೆಳಗಿಳಿಯುತ್ತೆ. ಜೂನ್ 19ರಂದು ನ್ಯೂಯಾರ್ಕಿನ ಯಾಂಕೀ ಸ್ಟೇಡಿಯಂನಲ್ಲಿ ರಾತ್ರಿಯಿಡೀ ಅದರ ಮೇಲಿಂದ ಬಲಗೈ ಹೊಡೆದ. ನಾಲ್ಕನೇ ರೌಂಡಿನಲ್ಲಿ ಕೆಡವಿದ, ಹನ್ನೆರಡನೇ ರೌಂಡಿನಲ್ಲಿ ನಾಕೌಟ್. ಎರಡು ವರ್ಷ ಬಿಟ್ಟು, 1938ರ ಜೂನ್ 22ರಂದು ಅದೇ ಸ್ಟೇಡಿಯಂನಲ್ಲಿ ಇಬ್ಬರೂ ಮತ್ತೆ ಎದುರಾದರು. ಲೂಯಿಸ್ ಹುಷಾರಾಗಿ, ಕಾದು ನೋಡಿ ಆಡಿದನಾ? ಬೆಲ್ ಹೊಡೆದ ಕೂಡಲೇ ನುಗ್ಗಿ 124 ಸೆಕೆಂಡಿನಲ್ಲಿ ಮುಗಿಸಿದ. ಮೊದಲಿಗಿಂತ ಜಾಸ್ತಿ ಅಟ್ಯಾಕ್!

ನೀನು ಟೈಸನ್ ಹೆಸರು ಬರೆದಿದ್ದೀಯ, ಅವನು ಡಿಫೆನ್ಸ್ ಮಾಡ್ತಿದ್ನಾ ಅಂತ. ಮಾಡ್ತಿದ್ದ ಮಾರಾಯ! 1986ರಲ್ಲಿ 20 ವರ್ಷಕ್ಕೇ ಹೆವಿವೇಟ್ ಚಾಂಪಿಯನ್ ಆದಾಗಿನ ವೀಡಿಯೊ ಹಾಕಿಕೊಂಡು ಅವನ ಕೈ ಬಿಟ್ಟು ಬರೀ ತಲೆ ನೋಡು. ಅವನ ಕೋಚ್ ಕಸ್ ಡಮಾಟೊ ಕಲಿಸಿದ ಪೀಕಬೂ ಅನ್ನೋ ಶೈಲಿ ಅದು. ಗ್ಲೌಸ್ ಕೆನ್ನೆ ಮೂಳೆಯ ಹತ್ತಿರ, ತಲೆ ಒಂದು ಕಡೆ ನಿಲ್ಲೋದೇ ಇಲ್ಲ, ಪ್ರತಿ ತಪ್ಪಿಸಿಕೊಳ್ಳುವಿಕೆಯೂ ಮುಂದಕ್ಕೆ, ಮುಂದಿನ ಹೊಡೆತಕ್ಕೆ ಭಾರ ಹಾಕುವ ಹಾಗೆ. ಡಿಫೆನ್ಸ್ ಇದ್ದಿದ್ದರಿಂದಲೇ ಅವನು ಅಷ್ಟು ಹತ್ತಿರ ಹೋಗೋಕೆ ಆಗುತ್ತಿತ್ತು. 1990ರಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಮುಂದೆ ಆ ತಲೆ ಅಷ್ಟು ಅಲ್ಲಾಡಲಿಲ್ಲ. ಡಗ್ಲಸ್ ಜ್ಯಾಬ್ ಹಾಕ್ತಾ ಹೋಗಿ ಹತ್ತನೇ ರೌಂಡಿನಲ್ಲಿ ಕೆಡವಿದ.

ಬ್ರಿಟನ್ನಿನ ಬಾಕ್ಸರ್ ನಸೀಮ್ ಹಮೀದ್ ಕೈ ಕೆಳಗಿಟ್ಟೇ ಗೆದ್ದ ಅನ್ನೋ ವಾದ ದಯವಿಟ್ಟು ಬೇಡ. 2001ರಲ್ಲಿ ಮೆಕ್ಸಿಕೋದ ಬರೇರಾ ಕೈಲಿ ಅವನು ಸೋತ ಹನ್ನೆರಡು ರೌಂಡ್ ನೋಡು, ಅಷ್ಟೇ ಸಾಕು. ಆಮಿರ್ ಖಾನ್ (ಸಿನಿಮಾದವನಲ್ಲ, ಬ್ರಿಟನ್ನಿನವನು) 17ನೇ ವಯಸ್ಸಿಗೆ ಒಲಿಂಪಿಕ್ ಬೆಳ್ಳಿ ತಂದ ಹುಡುಗ, 2008ರಲ್ಲಿ ಪ್ರೆಸ್ಕಾಟ್ ಮುಂದೆ 54 ಸೆಕೆಂಡಿಗೇ ನಾಕೌಟ್ ಆದ. ಅವನ ಕೈಯಷ್ಟು ವೇಗದ ಕೈ ನಿನ್ನದೂ ಅಲ್ಲ, ನನ್ನದೂ ಆಗಿರಲಿಲ್ಲ.

ಏನು ಮಾಡಬೇಕು ಅಂದ್ರೆ, ನನ್ನ ಪ್ರಕಾರ, "ಕೈ ಮೇಲಿಡು" ಅನ್ನೋ ಮಾತು ತಲೆಯಿಂದ ತೆಗೆದುಹಾಕು. ಅದು ನಿಂತಿರುವವನಿಗೆ ಹೇಳುವ ಮಾತು. ನಿಂತಾಗ ನಿನ್ನ ಕೈ ಮೇಲೆಯೇ ಇರುತ್ತೆ, ಇಳಿಯೋದು ಹೊಡೆದಾಗ. ಹಾಗಾಗಿ ಹೊಡೆತವನ್ನೇ ತಿದ್ದಬೇಕು. ಕೈ ಕೆನ್ನೆಗೆ ವಾಪಸ್ ಬಂದು ತಾಗಿದಾಗಲೇ ಜ್ಯಾಬ್ ಮುಗಿದ ಲೆಕ್ಕ, ಎದುರಿನವನ ಮುಖಕ್ಕೆ ತಾಗಿದಾಗ ಅಲ್ಲ.

ಪಂಚಿಂಗ್ ಬ್ಯಾಗ್ ಹೊಡೆಯೋದು ಸ್ವಲ್ಪ ಕಡಿಮೆ ಮಾಡು. ಬ್ಯಾಗ್ ತಿರುಗಿ ಹೊಡೆಯಲ್ಲ, ನಮ್ಮಂಥವರನ್ನು ಹಾಳು ಮಾಡೋದೇ ಅದು. ಬದಲಿಗೆ ಕೋಚ್ ಕೈಗೆ ಪ್ಯಾಡ್ ಹಾಕಿಕೊಂಡು ನಿನ್ನ ಹೊಡೆತ ಹಿಡಿಯುವಾಗ ಅವರಿಗೆ ಹೇಳು, ನಿನ್ನ ಎಡಗೈ ಇಳಿದಾಗೆಲ್ಲ ಅವರು ಪ್ಯಾಡಿನಿಂದ ಕಿವಿಗೆ ಪಟ್ ಅಂತ ಬಾರಿಸಲಿ. ನಾನೀಗ ಸಂಜೆ ಹೊತ್ತು ಒಂದಷ್ಟು ಹುಡುಗರಿಗೆ ಹೇಳಿಕೊಡುತ್ತೇನೆ, ಇದರಷ್ಟು ಬೇಗ ಕೆಲಸ ಮಾಡುವ ಮದ್ದು ನಾನು ಇನ್ನೊಂದು ನೋಡಿಲ್ಲ. ಹುಡುಗರು ಬೈಕೊಳ್ತಾರೆ, ಕೈ ಮಾತ್ರ ಮೇಲೆ ಬರುತ್ತೆ. ಆಮೇಲೆ ರಿಂಗಿಗೆ ಅಡ್ಡಲಾಗಿ ಭುಜದ ಎತ್ತರಕ್ಕೆ ಒಂದು ಹಗ್ಗ ಕಟ್ಟಿ, ಜ್ಯಾಬ್ ಹಾಕುತ್ತಾ ತಲೆಯನ್ನು ಅದರ ಆ ಕಡೆ ಈ ಕಡೆ ನುಸುಳಿಸಿಕೊಂಡು ಮುಂದೆ ಹೋಗು. ಮುಂದೆ, ಹಿಂದೆ ಅಲ್ಲ. ನೀನು ನುಗ್ಗುವ ಹುಡುಗ, ನುಗ್ಗುತ್ತಲೇ ತಪ್ಪಿಸಿಕೊಳ್ಳೋದು ಕಲಿ. ಮೂರು ಹೊಡೆತ ಹೊಡೆದು ನಿಂತು ನೋಡುವ ಚಟ ಇದ್ದರೆ (ಇರುತ್ತೆ, ನನಗೆ ಗೊತ್ತು) ಪ್ರತಿ ಸಲ ಕೊನೆಗೊಂದು ಜ್ಯಾಬ್ ಹಾಕಿ ಪಕ್ಕಕ್ಕೆ ಹೆಜ್ಜೆ ಇಡು. ಇದನ್ನೆಲ್ಲ ಸುಸ್ತಾದ ಮೇಲೂ ಮಾಡು, ಫ್ರೆಶ್ ಆಗಿದ್ದಾಗ ಎಲ್ಲರ ಕೈಯೂ ಮೇಲೇ ಇರುತ್ತೆ.

ಸ್ಪಾರಿಂಗ್ (ಅಭ್ಯಾಸದ ಬೌಟ್) ಮಾತ್ರ ನಿನಗೆ ಹೆದರುವವರ ಜೊತೆ ಮಾಡಬೇಡ. ನಿನಗಿಂತ ಸೀನಿಯರ್, ಹಿಂದೆ ಸರಿಯದೆ ಕಾಲೂರಿ ನಿಲ್ಲುವವನು ಬೇಕು. ಮೆತ್ತಗೆ ಹೊಡೆದರೂ ಸಾಕು, ನಿನ್ನ ಕೈ ಇಳಿದಾಗೆಲ್ಲ ಅವನ ಬಲಗೈ ಬಂದು ತಾಗಿದರೆ ಆಯ್ತು. ಜೋರು ಸ್ಪಾರಿಂಗ್ ಮಾಡಿ ತಲೆ ಕೆಡಿಸಿಕೊಳ್ಳಬೇಡ. ತಲೆಗೆ ಏಟು ಬಿದ್ದು ಬೌಟ್ ನಿಂತರೆ ಕನಿಷ್ಠ 30 ದಿನ ಸ್ಪಾರಿಂಗ್ ಕೂಡ ಇಲ್ಲ ಅಂತ ಅಮೆಚೂರ್ ಬಾಕ್ಸಿಂಗ್‌ನಲ್ಲಿ ನಿಯಮ ಮಾಡಿರೋದು ಸುಮ್ನೆ ಅಲ್ಲ. ನಾನು ಅದನ್ನೂ ಪಾಲಿಸಲಿಲ್ಲ, ಬಿಡು.

ಕ್ಲಬ್ ಬಿಡಬೇಕಾ? ನಿನ್ನ ಕೋಚ್ ಗೆದ್ದ ದಿನವೂ ಬೈತಾರೆ ಅಂದ್ರೆ ಅವರು ನಿನ್ನನ್ನು ಸರಿಯಾಗಿ ನೋಡ್ತಿದ್ದಾರೆ ಅಂತ ಅರ್ಥ, ಅಲ್ಲೇ ಇರು. "ನಿಧಾನಕ್ಕೆ ಆಡು" ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ, ಅದನ್ನು ಗೌರವದಿಂದಲೇ ಅವರ ಹತ್ತಿರ ಮಾತಾಡು. ಕಾಮೆಂಟ್‌ನಲ್ಲಿ ನಿನ್ನ ಒಂದು ಬೌಟ್ ವೀಡಿಯೊ ಹಾಕು, ನೋಡಿ ಹೇಳ್ತೀನಿ. ಗೆದ್ದದ್ದು ಹಾಕು, ಮತ್ತೆ ಪಕ್ಕದಿಂದ ತೆಗೆದದ್ದು ಇರಲಿ. ಮುಂದಿನಿಂದ ತೆಗೆದರೆ ಕೈ ಎಷ್ಟು ಕೆಳಗೆ ಹೋಯ್ತು ಅಂತ ಎದುರಾಳಿಯ ಬೆನ್ನು ಮುಚ್ಚಿಬಿಡುತ್ತೆ.