ಗ್ರೀನ್ ಕಾರ್ಡ್ ಗಂಡನ ಕೈಯಲ್ಲಿದೆಯೇ?

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಅಮೆರಿಕದ ಪೌರರೊಬ್ಬರನ್ನು ಮದುವೆಯಾಗಿ ಹದಿನಾಲ್ಕು ತಿಂಗಳ ಹಿಂದೆ ಆ ದೇಶಕ್ಕೆ ಹೋಗಿದ್ದ ಮಹಿಳೆಯೊಬ್ಬರು ಫೋನಿನಲ್ಲಿ ನನ್ನ ಸಲಹೆ ಕೇಳಿದರು. ಬಟ್ಟೆ ಒಗೆಯುವ ಯಂತ್ರವನ್ನು ಓಡಲು ಬಿಟ್ಟು, ಅದರ ಪಕ್ಕದಲ್ಲೇ ನೆಲದ ಮೇಲೆ ಕುಳಿತು ಆ ಸದ್ದಿನ ಮರೆಯಲ್ಲಿ ಅವರು ಮಾತನಾಡುತ್ತಿದ್ದರು. ಯಂತ್ರ ನಿಂತರೆ ಮಾತೂ ನಿಲ್ಲುತ್ತಿತ್ತು. ಅವರ ಪಾಸ್‌ಪೋರ್ಟ್ ಮತ್ತು ಅಲ್ಲಿ ನೆಲೆಸಲು ಅನುಮತಿ ನೀಡುವ ಗ್ರೀನ್ ಕಾರ್ಡ್ ಎರಡೂ ಗಂಡನ ಬೀರುವಿನಲ್ಲಿದ್ದವು. ಆತ ಎರಡು ಬಾರಿ ಕೈ ಮಾಡಿದ್ದ. "ನಾನೊಂದು ಫೋನ್ ಮಾಡಿದರೆ ಸಾಕು, ನಿನ್ನನ್ನು ವಿಮಾನ ಹತ್ತಿಸುತ್ತಾರೆ" ಎಂಬ ಮಾತು ಮಾತ್ರ ದಿನವೂ ಇತ್ತು. ತವರಿನವರು, ಎರಡು ವರ್ಷ ತುಂಬುವವರೆಗೆ ಹೇಗಾದರೂ ಹೊಂದಿಕೊಂಡು ಹೋಗು ಎನ್ನುತ್ತಿದ್ದರು.

ಹೊಡೆತಕ್ಕಿಂತ ಆ ಮಾತೇ ಅವರನ್ನು ಹೆಚ್ಚು ಕಟ್ಟಿಹಾಕಿದೆ ಎಂದು ನನಗನ್ನಿಸಿದ್ದರಿಂದ, ಮೊದಲ ಕರೆಯ ಬಹುಪಾಲನ್ನು ಅದಕ್ಕೇ ಮೀಸಲಿಟ್ಟೆ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಮದುವೆಯ ಆಧಾರದ ಮೇಲೆ ನೆಲೆಸುವವರಿಗೆ ಅಲ್ಲಿ ಸಿಗುವುದು ಎರಡು ವರ್ಷದ ಷರತ್ತುಬದ್ಧ ಕಾರ್ಡ್. ಅವಧಿ ಮುಗಿಯುವ ಮುನ್ನಿನ 90 ದಿನಗಳಲ್ಲಿ ದಂಪತಿಗಳು ಜಂಟಿಯಾಗಿ ಐ-751 ಎಂಬ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಷರತ್ತನ್ನು ತೆಗೆಸಿಕೊಳ್ಳಬೇಕು. ಗಂಡ ಸಹಿ ಹಾಕದಿದ್ದರೆ ಎಲ್ಲವೂ ಮುಗಿಯಿತು ಎಂದು ಅವರು ತಿಳಿದಿದ್ದರು. ಆದರೆ ಮದುವೆ ಪ್ರಾಮಾಣಿಕವಾಗಿ ಆಗಿದ್ದು, ಹೆಂಡತಿ ಹಲ್ಲೆಗೆ ಅಥವಾ ತೀವ್ರ ಕ್ರೌರ್ಯಕ್ಕೆ ಒಳಗಾಗಿದ್ದರೆ, ಜಂಟಿ ಸಹಿಯಿಂದ ವಿನಾಯಿತಿ ಕೋರಿ ಆಕೆ ಒಬ್ಬಳೇ ಅರ್ಜಿ ಹಾಕಬಹುದು. ಅದಕ್ಕೆ ವಿಚ್ಛೇದನವೂ ಆಗಿರಬೇಕಿಲ್ಲ, ಆ 90 ದಿನಗಳಿಗಾಗಿ ಕಾಯಲೂಬೇಕಿಲ್ಲ. ಗಂಡನ ಒಂದು ಫೋನ್ ಕರೆಗೆ ಕಾರ್ಡ್ ರದ್ದಾಗುವುದಿಲ್ಲ. ಇದನ್ನು ಅವರು ನನ್ನಿಂದ ಮೂರು ಬಾರಿ ಹೇಳಿಸಿಕೊಂಡರು.

"ಇವತ್ತೇ ಮನೆ ಬಿಟ್ಟು ಬನ್ನಿ" ಎನ್ನುವ ಆತುರ ನನಗೂ ಬಂದಿತ್ತು, ಅದನ್ನು ತಡೆದುಕೊಂಡೆ. ಹೊರಡುವ ಹೊತ್ತಿನಲ್ಲೇ ಹಿಂಸೆ ಉಲ್ಬಣಿಸುವುದುಂಟು. ಆದ್ದರಿಂದ ಎಲ್ಲಿಗೆ, ಯಾವಾಗ, ಯಾರ ಜೊತೆ ಎಂಬುದು ಮೊದಲೇ ಗೊತ್ತಾಗಿರಬೇಕು. ಅಪಾಯ ಎದುರಾದರೆ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡುವುದು, ಮದುವೆಯ ಚಿತ್ರಗಳು, ಜಂಟಿ ಬ್ಯಾಂಕ್ ಖಾತೆಯ ವಿವರ, ಬಾಡಿಗೆ ಕರಾರು, ಬೆದರಿಕೆಯ ಸಂದೇಶಗಳು ಇವುಗಳ ಪ್ರತಿಯನ್ನು ಗಂಡನಿಗೆ ತಿಳಿಯದ ಹೊಸ ಇಮೇಲ್‌ನಲ್ಲಿ ಇಡುವುದು, ಹೊಡೆತದ ಗುರುತಿದ್ದರೆ ವೈದ್ಯರಿಗೆ ತೋರಿಸಿ ಅದು ದಾಖಲಾಗುವಂತೆ ನೋಡಿಕೊಳ್ಳುವುದು, ಇಷ್ಟನ್ನು ಹೇಳಿದೆ. ಕಾರ್ಡ್ ಕೈಗೆ ಸಿಗದಿದ್ದರೆ ಬದಲಿ ಕಾರ್ಡಿಗೆ ಅರ್ಜಿ ಹಾಕಬಹುದು, ಪಾಸ್‌ಪೋರ್ಟಿಗೆ ಭಾರತದ ದೂತಾವಾಸವಿದೆ. ಅರ್ಜಿಯ ವಿಷಯದಲ್ಲಿ ನನ್ನ ಮಾತೇ ಕೊನೆಯದಲ್ಲವೆಂದು ತಿಳಿಸಿ, ವಲಸೆ ಕಾನೂನಿನ ವಕೀಲರನ್ನು ಕಾಣಲೇಬೇಕೆಂದು ಒತ್ತಾಯಿಸಿದೆ. ಕೌಟುಂಬಿಕ ಹಿಂಸೆಗೆ ಒಳಗಾದವರಿಗೆ ಉಚಿತವಾಗಿ ನೆರವಾಗುವ ಸಂಸ್ಥೆಗಳು ಅಲ್ಲಿ ಇವೆ. ತವರಿನವರ ಜೊತೆಗೂ, ಆ ಮಹಿಳೆಯ ಒಪ್ಪಿಗೆ ಪಡೆದು, ಒಮ್ಮೆ ಮಾತನಾಡಿದೆ. "ಎರಡು ವರ್ಷ ಸಹಿಸಿದರೆ ಮಾತ್ರ ಕಾರ್ಡ್ ಎಂದುಕೊಂಡಿದ್ದೆವು" ಎಂದು ತಾಯಿ ಬಹಳ ಹೊತ್ತು ಅತ್ತರು.

ನಾಲ್ಕನೆಯ ಕರೆಯಲ್ಲಿ ಯಂತ್ರದ ಸದ್ದಿರಲಿಲ್ಲ. ಅವರು ಸಾರ್ವಜನಿಕ ಗ್ರಂಥಾಲಯವೊಂದರ ಹೊರಗೆ ಕುಳಿತಿದ್ದರು. ವಕೀಲರ ಭೇಟಿ ಮರುದಿನಕ್ಕೆ ಗೊತ್ತಾಗಿತ್ತು.